ಎಸೆಯೋ ಮುಂಚೆ ಒಂದ್ಸಲ ಶೆಲ್ ಹಾಕಿ ನೋಡ್ರಿ

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಲ್ಲಿ ಇ-ವೇಸ್ಟ್ ಕಲೆಕ್ಷನ್ ಇತ್ತು. ಗೇಟ್ ಹತ್ರ ಎರಡು ದೊಡ್ಡ ರಟ್ಟಿನ ಡಬ್ಬ ಇಟ್ಟಿದ್ರು. ಸುಟ್ಟುಹೋದ ಮಿಕ್ಸಿ ಹಾಕಿ ಬರೋಣ ಅಂತ ಇಳಿದೆ. ಡಬ್ಬದೊಳಗೆ ಕೀಬೋರ್ಡು, ಚಾರ್ಜರ್ ಗಂಟು, ಅದರ ಮೇಲೆ ಮೂರು ಹಳೇ ಎಂಪಿ3 ಪ್ಲೇಯರು. ಒಂದಂತೂ ನನ್ನ ಹತ್ರ ಇದ್ದ ಮಾಡೆಲ್ಲೇ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಸಣ್ಣ ಪರದೆ, ಹಿಂದೆ ಸಣ್ಣ ಪೆನ್ಸಿಲ್ ಶೆಲ್ ಹಾಕೋ ಜಾಗ. ಹಾಕಿದವರು ಅಲ್ಲೇ ನಿಂತಿದ್ರು. "ಸರ್, ಇದರೊಳಗೆ ಏನಿದೆ ಅಂತ ನೋಡಿದ್ರಾ?" ಅಂತ ಕೇಳ್ದೆ. "ಹಾಡು ಕಣ್ರೀ, ಇನ್ನೇನಿರತ್ತೆ, ಮುಟ್ಟಿ 15 ವರ್ಷ ಆಯ್ತು. ಈಗ ಎಲ್ಲಾ ಆ್ಯಪಲ್ಲೇ ಇದ್ಯಲ್ಲ" ಅಂದ್ರು.

ಎಲ್ಲಾ ಆ್ಯಪಲ್ಲೇ ಇದ್ಯಲ್ಲ. ಈ ಮಾತು ಕೇಳಿದ್ರೆ ನಂಗೆ ಮೈ ಉರಿಯತ್ತೆ. ಇಲ್ಲ ಸ್ವಾಮಿ, ಎಲ್ಲಾ ಇಲ್ಲ.

ನಮ್ಮಪ್ಪಯ್ಯನ ವಿಷಯ ಇಲ್ಲಿ ಬಹಳ ಜನಕ್ಕೆ ಗೊತ್ತು. ಅಡಿಕೆ ತೋಟ, ಮಳೆಗಾಲ ಬಂದ್ರೆ ತಾಳಮದ್ದಳೆ. ಸುತ್ತಮುತ್ತಲ ಏಳೆಂಟು ಊರಿಗೆ ಅರ್ಥ ಹೇಳೋಕೆ ಹೋಗೋರು, ಅದೂ ಹೆಚ್ಚಾಗಿ ವಾಲಿ, ಇಲ್ಲಾ ಕರ್ಣ. ಹೆಸರುವಾಸಿ ಅರ್ಥಧಾರಿ ಏನಲ್ಲ, ದುಡ್ಡಿಗಾಗಿ ಹೋದವರೂ ಅಲ್ಲ. ದೇವಸ್ಥಾನದ ಜಗಲಿಲಿ ಕೂತು ರಾತ್ರಿಯಿಡೀ ಮಾತಾಡಿ ಬೆಳಿಗ್ಗೆ ನೇರ ತೋಟಕ್ಕೆ ಹೋಗ್ತಿದ್ರು. ಮೈಕಿನ ಹತ್ರ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡ್ತಿದ್ದೋನು ನಾನು. 1993ರಿಂದ ಹೆಚ್ಚುಕಮ್ಮಿ ಆರು ವರ್ಷ, 90 ನಿಮಿಷದ ಕ್ಯಾಸೆಟ್ಟು, 11 ಇದ್ವು.

ತಾಳಮದ್ದಳೆ ಗೊತ್ತಿಲ್ಲದೋರಿಗೆ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರೆ ನನ್ನ ಸಿಟ್ಟು ಅರ್ಥ ಆಗಲ್ಲ. ಅದು ಯಕ್ಷಗಾನದ್ದೇ ಒಂದು ರೂಪ, ಆದ್ರೆ ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಪದ್ಯ ಬರೆದಿಟ್ಟಿದ್ದು. ಆದ್ರೆ ಆಮೇಲೆ ಅರ್ಥಧಾರಿ ಮಾತಾಡೋದು ಬರೆದಿಟ್ಟಿದ್ದಲ್ಲ. ಎದುರಿಗೆ ಕೂತ ರಾಮ ಏನು ಹೇಳ್ತಾನೋ ಅದಕ್ಕೆ ವಾಲಿ ಆಗಿಂದಾಗ್ಲೇ ಉತ್ತರ ಕಟ್ಬೇಕು. ಅದೇ ಪದ್ಯ, ಅದೇ ಇಬ್ಬರು, ಮುಂದಿನ ವಾರ ಪಕ್ಕದ ಊರಲ್ಲಿ ಕೂತ್ರೂ ಮಾತು ಬೇರೆನೇ. ಅಂದ್ರೆ ಆ ರಾತ್ರಿ ಆಡಿದ ಮಾತು ಆ ರಾತ್ರಿಗೇ ಮುಗೀತು, ಅದಕ್ಕೆ ಪುಸ್ತಕ ಇಲ್ಲ, ಎರಡನೇ ಪ್ರತಿ ಇಲ್ಲ. ಇದನ್ನ ಯಾವ ಆ್ಯಪಲ್ಲಿ ಹುಡುಕ್ತೀರಿ?

2005ರಲ್ಲಿ ಬೆಂಗಳೂರಿನ ಎಸ್ಪಿ ರೋಡಲ್ಲಿ ಆ ಪ್ಲೇಯರ್ ತಗೊಂಡೆ. ಚೈನಾದ್ದು, ಹೆಸರಿಲ್ಲದ ಕಂಪನಿ, 256 ಎಂಬಿ. ಈಗಿನ ಮಕ್ಕಳು ಕೇಳಿದ್ರೆ ನಂಬಲ್ಲ, ಒಂದು ಫೋನಿನ ನಾಕೈದು ವಿಡಿಯೋಗೂ ಸಾಲದ ಜಾಗ. ಮಾಮೂಲಿ ಸಿನಿಮಾ ಹಾಡು 128 ಕೆಬಿಪಿಎಸ್‌ನಲ್ಲಿ (ಒಂದು ಸೆಕೆಂಡಿನ ಶಬ್ದಕ್ಕೆ ಎಷ್ಟು ಜಾಗ ಕೊಡ್ತೀವಿ ಅನ್ನೋ ಲೆಕ್ಕ ಅದು) ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನತ್ತೆ, ಹಾಗಾಗಿ 50-60 ಹಾಡು ಹಾಕಿದ್ರೆ ಭರ್ತಿ. ನಾನು ಹಾಡಿಗೆ ಅಂತ ತಗೊಂಡಿದ್ದಲ್ಲ. ಮಲೆನಾಡ ಮಳೆಗಾಲದಲ್ಲಿ ಕ್ಯಾಸೆಟ್ಟಿನ ರೀಲಿಗೆ ಬಿಳೀ ಬೂಷ್ಟು ಬರೋಕೆ ಶುರುವಾಗಿತ್ತು, ಆಡಿಸಿದ್ರೆ ಹೆಡ್ಡಿಗೆಲ್ಲಾ ಅಂಟ್ಕೊಂಡು ದನಿ ಮಂಕಾಗೋದು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿಂದ ಕಂಪ್ಯೂಟರಿಗೆ ಒಂದು ವೈರ್ ಎಳೆದು ಒಂದೊಂದೇ ಕ್ಯಾಸೆಟ್ ಹಾಕಿ ರೆಕಾರ್ಡ್ ಮಾಡಿದೆ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷಾನೇ ಬೇಕು, ಅವಸರ ಮಾಡೋ ಹಾಗಿಲ್ಲ. ಮಾತೇ ಜಾಸ್ತಿ ಅಲ್ವಾ ಅಂತ ಮೋನೋ (ಎರಡರ ಬದಲು ಒಂದೇ ಚಾನೆಲ್), 32 ಕೆಬಿಪಿಎಸ್ ಇಟ್ಟೆ. ಒಂದು ಕ್ಯಾಸೆಟ್ಟು 21-22 ಎಂಬಿಗೆ ಇಳೀತು. 11ಕ್ಕೆ 11 ಕ್ಯಾಸೆಟ್ಟೂ, ಹದಿನಾರೂವರೆ ಗಂಟೆ ಅಪ್ಪಯ್ಯ, ಅಂಗಿ ಜೇಬಲ್ಲಿ. ಮೆಜೆಸ್ಟಿಕ್ಕಿಂದ ರಾತ್ರಿ ಬಸ್ ಹತ್ತಿ ಕಿವಿಗೆ ಹಾಕ್ಕೊಂಡ್ರೆ ತುಮಕೂರು ದಾಟೋ ಹೊತ್ತಿಗೆ ವಾಲಿ ಸುಗ್ರೀವರ ಜಗಳ ಶುರುವಾಗಿರೋದು. ಆ ಪ್ಲೇಯರು ಫೈಲುಗಳನ್ನ ಹೆಸರಿನ ಪ್ರಕಾರ ಆಡಿಸ್ತಿರ್ಲಿಲ್ಲ, ಯಾವುದು ಮೊದಲು ಕಾಪಿ ಆಯ್ತೋ ಅದೇ ಮೊದಲು. ಎ ಸೈಡ್ ಆದ್ಮೇಲೆ ಬಿ ಸೈಡ್ ಬರ್ಬೇಕು ಅಂದ್ರೆ ಎಲ್ಲಾ ತೆಗೆದು ಒಂದೊಂದಾಗಿ ಮತ್ತೆ ಹಾಕ್ಬೇಕು. ಕನ್ನಡದಲ್ಲಿ ಹೆಸರು ಕೊಟ್ರೆ ಪರದೇಲಿ ಬರೀ ಚೌಕ ಚೌಕ ಕಾಣೋದು, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ವಾಲಿ 1ಎ, ವಾಲಿ 1ಬಿ ಅಂತ ಬರೆದಿದ್ದೆ.

ಸ್ನೇಹಿತನೊಬ್ಬ, ಸೌಂಡ್ ವಿಷಯದಲ್ಲಿ ಬಹಳ ಓದ್ಕೊಂಡೋನು, 32 ಕೆಬಿಪಿಎಸ್ ಅಂದ್ರೆ ಕಸ ಕಣೋ ಅಂತಾನೆ. ಅವನು ಹೇಳೋದ್ರಲ್ಲಿ ಅರ್ಧ ಸತ್ಯ ಇದೆ. ಎಂಪಿ3 ಮಾಡೋದೇ ಅದು, ಕಿವಿಗೆ ಅಷ್ಟಾಗಿ ಗೊತ್ತಾಗದ ಶಬ್ದ ಆರಿಸಿ ತೆಗೆದುಹಾಕತ್ತೆ, ಜಾಗ ಕಮ್ಮಿ ಕೊಟ್ಟಷ್ಟೂ ಗೊತ್ತಾಗೋದನ್ನೂ ತೆಗೆಯತ್ತೆ. ಭಾಗವತರ ತಾಳ ನೀರೊಳಗಿಂದ ಬಂದ ಹಾಗೆ ಕೇಳತ್ತೆ, ನಿಜ. ಆದ್ರೆ ಅಪ್ಪಯ್ಯ ಮಾತಿನ ಮಧ್ಯೆ ಉಸಿರು ಎಳ್ಕೊಳೋದು ಕೇಳತ್ತೆ. ಜಗಲಿ ಆಚೆ ಮಳೆ ಹೊಡೀತಿರೋದು ಕೇಳತ್ತೆ. ನಂಗೆ ಅಷ್ಟು ಸಾಕು.

ಈ ಸಾಧನಗಳ ಕತೆ ಶುರುವಾಗಿದ್ದೂ ಇಂಥದೇ ಜಗಳದಿಂದ. 1998ರಲ್ಲಿ ಕೊರಿಯಾದ ಸೇಹಾನ್ ಕಂಪನಿ ಎಂಪಿಮ್ಯಾನ್ ಅಂತ 32 ಎಂಬಿ ಪ್ಲೇಯರ್ ತಂತು, ಅದೇ ವರ್ಷ ಅಮೆರಿಕದಲ್ಲಿ ಡೈಮಂಡ್ ಕಂಪನಿಯ ರಿಯೋ ಬಂತು. ರಿಯೋ ಮಾರಾಟ ನಿಲ್ಸಿ ಅಂತ ಅಲ್ಲಿಯ ರೆಕಾರ್ಡ್ ಕಂಪನಿಗಳ ಸಂಘ ಕೋರ್ಟಿಗೆ ಹೋಯ್ತು. 1999ರಲ್ಲಿ ಮೇಲಿನ ಕೋರ್ಟು ರಿಯೋ ಪರವಾಗೇ ತೀರ್ಪು ಕೊಡ್ತು. ತನ್ನ ಕಂಪ್ಯೂಟರಲ್ಲಿ ಇರೋದನ್ನ ಜೇಬಲ್ಲಿ ಇಟ್ಕೊಂಡು ಓಡಾಡೋಕೆ ಕಾಪಿ ಮಾಡ್ಕೊಳ್ಳೋದು ಸ್ವಂತ ಬಳಕೆ ಅಂತ. ಐಪಾಡ್ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ತನ್ನದನ್ನ ತಾನು ಜೇಬಲ್ಲಿ ಇಟ್ಕೊಳ್ಳೋಕೆ ಕೋರ್ಟು ಹತ್ತಬೇಕಾಗಿದ್ದ ವಸ್ತು ಅದು, ಅದನ್ನ ನಾವು ಒಳಗೇನಿದೆ ಅಂತ ನೋಡದೇ ಡಬ್ಬಕ್ಕೆ ಹಾಕ್ತಿದೀವಿ.

ಇ-ವೇಸ್ಟ್ ಸರಿಯಾದ ಕಡೆಗೇ ಹೋಗ್ಬೇಕು, ಮನೇಲಿ ಗುಡ್ಡೆ ಹಾಕ್ಕೊಂಡು ಏನ್ ಮಾಡೋದು ಅಂತ ಕೇಳೋರಿದಾರೆ. ಹೋಗ್ಲಿ, ಯಾರು ಬೇಡ ಅಂದ್ರು? ನಾನೂ ಇವತ್ತು ಮಿಕ್ಸಿ ಹಾಕ್ಬಂದೆ. ಮಿಕ್ಸಿಯೊಳಗೆ ಯಾರ ದನಿಯೂ ಇರ್ಲಿಲ್ಲ. ಇನ್ನು ಕೆಲವರು ಯೂಟ್ಯೂಬಲ್ಲಿ ಬೇಕಾದಷ್ಟು ತಾಳಮದ್ದಳೆ ಇದೆ ಅಂತಾರೆ. ಇದೆ, ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ದನಿ ಇವತ್ತೂ ಕೇಳೋಕೆ ಸಿಗತ್ತೆ, ಯಾರ್ಯಾರೋ ಕಾಪಾಡಿ ಹಾಕಿದಾರೆ, ಅವರಿಗೆ ಕೈಮುಗೀತೀನಿ. ಆದ್ರೆ ದೊಡ್ಡವರದ್ದು ಯಾರಾದ್ರೂ ಕಾಪಾಡ್ತಾರೆ. ನಮ್ಮೂರ ಜಗಲಿಲಿ ಕೂತವರದ್ದು ನಾವೇ ಕಾಪಾಡ್ಬೇಕು. ಹಸೆಗೆ ಕರೆಯೋ ಹಾಡು ಹೇಳ್ತಿದ್ದ ಅಜ್ಜಿ, ಊರಿನ ಭಜನೆ ಮಂಡಳಿ, ತಾಲ್ಲೂಕಿನ ಆಚೆ ಹೋಗದ ತತ್ವಪದದ ಕ್ಯಾಸೆಟ್ಟು, ಇವೆಲ್ಲಾ ಆ ಕಾಲಕ್ಕೆ ಯಾರೋ ವೈರ್ ಎಳೆದು ಎಂಪಿ3 ಮಾಡ್ಕೊಂಡಿದ್ದು, ಇರೋದು ಅಂಥ ಹಳೇ ಪ್ಲೇಯರಲ್ಲೇ.

ಇಷ್ಟೆಲ್ಲಾ ಕೂಗಾಡೋಕೆ ನಂಗೇ ಎಷ್ಟು ಹಕ್ಕಿದೆಯೋ ಗೊತ್ತಿಲ್ಲ. ಇದನ್ನ ಇದುವರೆಗೂ ಎಲ್ಲೂ ಬರೆದಿರ್ಲಿಲ್ಲ. 2008ರಲ್ಲಿ ಆಫೀಸಿನವರ ಜೊತೆ ಟ್ರಿಪ್ಪಿಗೆ ಹೊರಟಾಗ ಪ್ಲೇಯರಲ್ಲಿ ಜಾಗ ಇರ್ಲಿಲ್ಲ ಅಂತ ಎರಡು ಕ್ಯಾಸೆಟ್ಟಿನ ಫೈಲು ಡಿಲೀಟ್ ಮಾಡ್ದೆ. 3 ಗಂಟೆ ಅಪ್ಪಯ್ಯನ್ನ ತೆಗೆದು 10 ಸಿನಿಮಾ ಹಾಡು ಹಾಕ್ಕೊಂಡೆ. ಕಂಪ್ಯೂಟರಲ್ಲಿ ಇದ್ಯಲ್ಲ ಅಂತ ಧೈರ್ಯ. ಬೂಷ್ಟು ಬಂದಿದ್ದ ಕ್ಯಾಸೆಟ್ಟುಗಳನ್ನ ಅದಕ್ಕೂ ಮುಂಚೆನೇ ಎಸೆದಾಗಿತ್ತು. ಮರುವರ್ಷ ಹಾರ್ಡ್ ಡಿಸ್ಕ್ ಹೋಯ್ತು. 2011ರಲ್ಲಿ ಅಪ್ಪಯ್ಯ ಹೋದ್ರು. ಇವತ್ತು ಬೆಳಿಗ್ಗೆ ಆ ಮನುಷ್ಯನ ಮೇಲೆ ದನಿ ಏರಿಸಿದ್ದು ತಪ್ಪು, ಸಂಜೆ ಹೋಗಿ ಸಾರಿ ಕೇಳ್ತೀನಿ. ಆದ್ರೆ ಅವರು ಹೇಳಿದ ಮಾತನ್ನೇ 2008ರಲ್ಲಿ ನಾನೂ ಹೇಳ್ಕೊಂಡಿದ್ದು, ಎಲ್ಲಾ ಇನ್ನೆಲ್ಲೋ ಇದ್ಯಲ್ಲ ಅಂತ.

ಅದಕ್ಕೇ ಕೇಳ್ಕೊಳೋದು, ಡ್ರಾಯರಲ್ಲೋ ಅಟ್ಟದ ಮೇಲೋ ಹಳೇ ಪ್ಲೇಯರ್ ಬಿದ್ದಿದ್ರೆ ಇವತ್ತೇ ತೆಗೀರಿ. ಒಳಗಿರೋ ಫ್ಲಾಶ್ ಮೆಮೊರಿ ಕಲ್ಲಲ್ಲಿ ಕೆತ್ತಿದ್ದಲ್ಲ, ಕರೆಂಟ್ ಕೊಡದೇ ವರ್ಷಗಟ್ಟಲೆ ಇಟ್ರೆ ಚಾರ್ಜ್ ನಿಧಾನಕ್ಕೆ ಸೋರಿ ಫೈಲು ಹಾಳಾಗಬಹುದು. ಶೆಲ್ಲಿಂದು ಆದ್ರೆ ಹೊಸ ಶೆಲ್ ಹಾಕಿ. ಒಳಗೇ ಬ್ಯಾಟರಿ ಇದ್ದು ಅದು ಊದಿದ್ರೆ ಚಾರ್ಜಿಗೆ ಹಾಕ್ಬೇಡಿ, ಗೊತ್ತಿರೋ ರಿಪೇರಿಯವರಿಗೆ ತೋರಿಸಿ. ಲ್ಯಾಪ್‌ಟಾಪಿಗೆ ಚುಚ್ಚಿದಾಗ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳಿದ್ರೆ ಯಾವ ಕಾರಣಕ್ಕೂ ಯೆಸ್ ಒತ್ಬೇಡಿ. ವಾಯ್ಸ್ ಅಂತಲೋ ರೆಕಾರ್ಡ್ ಅಂತಲೋ ಫೋಲ್ಡರ್ ಇದ್ರೆ ಮೊದಲು ಅದನ್ನ ನೋಡಿ, ಚೈನಾ ಪ್ಲೇಯರಲ್ಲಿ ಮೈಕೂ ಇರ್ತಿತ್ತು, ಮನೆಯವರ ದನಿ ಸಿಕ್ಕರೂ ಸಿಗಬಹುದು. ಹೆಸರಿನ ಕೊನೇಲಿ ಎಸಿಟಿ ಅಂತ ಇರೋ ಫೈಲು ತೆರೆಯಲ್ಲ ಅಂತ ಅಳಿಸ್ಬೇಡಿ, ಕನ್ವರ್ಟ್ ಮಾಡೋ ದಾರಿ ಇದೆ, ನಂಗೆ ಮೆಸೇಜ್ ಮಾಡಿ. ಐಪಾಡ್ ಆದ್ರೆ ಹಾಡು ಅಡಗಿಸಿಟ್ಟ ಫೋಲ್ಡರಲ್ಲಿ ನಾಕಕ್ಷರದ ಅರ್ಥವಿಲ್ಲದ ಹೆಸರಲ್ಲಿ ಇರತ್ತೆ, ಖಾಲಿ ಅಂದ್ಕೋಬೇಡಿ.

ನನ್ನ ಹತ್ರ ಈಗ ಉಳಿದಿರೋದು 9 ಕ್ಯಾಸೆಟ್ಟಿನಷ್ಟು. ಅಳಿಸಿದ್ದರಲ್ಲಿ ಒಂದು ವಾಲಿಯ ಎರಡನೇ ಕ್ಯಾಸೆಟ್ಟು. ಮೊದಲನೇದರ ಬಿ ಸೈಡ್ ಕೊನೇಲಿ ಬಾಣ ತಗಲಿ ಬಿದ್ದ ವಾಲಿ ರಾಮನ್ನ ಕೇಳ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ಅಪ್ಪಯ್ಯ ಆ ಪ್ರಶ್ನೇನ ಏಳೆಂಟು ನಿಮಿಷ ತಿರುಗಿಸಿ ತಿರುಗಿಸಿ ಕೇಳ್ತಾರೆ, ದನಿ ಒಂದೊಂದ್ಸಲ ಒಂದೊಂದು ಥರ, ಕೊನೆಗೆ "ಹೇಳು ರಾಮಾ" ಅಂತಾರೆ, ಟೇಪ್ ಮುಗಿಯತ್ತೆ. ಆವತ್ತು ರಾಮನ ಅರ್ಥ ಹೇಳಿದ್ದು ಪಕ್ಕದೂರಿನ ಮೇಷ್ಟ್ರು, ಅವರೂ ಈಗಿಲ್ಲ. ಆದ್ರೆ ಆ ರಾತ್ರಿ ಮೈಕಿನ ಮುಂದೆ ನನ್ನದಲ್ಲದೇ ಇನ್ನೂ ಮೂರು ಟೇಪ್ ರೆಕಾರ್ಡರ್ ಇತ್ತು, ನಂಗೆ ಚೆನ್ನಾಗಿ ನೆನಪಿದೆ. ಹೊಸನಗರ, ತೀರ್ಥಹಳ್ಳಿ ಕಡೆಯೋರು ಯಾರಾದ್ರೂ ಇದನ್ನ ಓದ್ತಿದ್ರೆ ಮನೇಲಿ ಒಂದ್ಸಲ ಹುಡುಕ್ತೀರಾ? 1996ರ ಶ್ರಾವಣ. ಆಮೇಲೆ ಮೇಷ್ಟ್ರು ಏನು ಹೇಳಿದ್ರು ಅಂತ ನಂಗೆ ಕೇಳ್ಬೇಕು.