ವಾಸನೆ ಬಂದರೆ ಮನೆ ಖಾಲಿ ಇಲ್ಲ

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಫರ್ಗಸ್ ವಿಲ್ಸನ್ ಅಂತ ಒಬ್ಬ ದೊಡ್ಡ ಓನರ್. ನೂರಾರು ಮನೆ ಬಾಡಿಗೆಗೆ ಬಿಟ್ಟಿದ್ದ ಕುಳ. ಈತ ತನ್ನ ಏಜೆಂಟರಿಗೆ ಕಳಿಸಿದ್ದ ಒಂದು ಇಮೇಲ್ 2017ರಲ್ಲಿ ಹೊರಗೆ ಬಂತು. ಬಿಳಿಯರಲ್ಲದವರಿಗೆ ಮನೆ ಕೊಡಬೇಡಿ, ಅವರು ಖಾಲಿ ಮಾಡಿ ಹೋದ ಮೇಲೂ ಅವರ ಮಸಾಲೆ ವಾಸನೆ ಉಳಿದುಬಿಡುತ್ತೆ ಅಂತ ಅದರಲ್ಲಿತ್ತು. ಸುದ್ದಿ ನಮ್ಮ ಪೇಪರುಗಳಿಗೂ ಬಂತು. ನಮ್ಮ ಹುಳಿಗೆ, ನಮ್ಮ ಒಗ್ಗರಣೆಗೆ ಇಂಥ ಅವಮಾನವೇ ಅಂತ ಇಲ್ಲಿ ಎಲ್ಲರಿಗೂ ರಕ್ತ ಕುದಿಯಿತು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿನ ಕೋರ್ಟು ಈ ನಿಯಮ ಕಾನೂನಿಗೆ ವಿರುದ್ಧ ಅಂತ ಹೇಳಿ ತಡೆ ಹಾಕಿತು.

ನನಗೆ ಮಾತ್ರ ಆ ಮನುಷ್ಯನ ಮೇಲೆ ಸಿಟ್ಟಿಗಿಂತ ಮರುಕ ಜಾಸ್ತಿ. ಇಂಥದ್ದನ್ನೆಲ್ಲ ಯಾರಾದರೂ ಬರೆದು ಕೊಡುತ್ತಾರಾ? ಬೆಂಗಳೂರಿಗೆ ಬಂದು ಯಾವುದಾದರೂ ಬಡಾವಣೆಯ ಓನರ್ ಅಂಕಲ್ ಹತ್ತಿರ ಎರಡು ದಿನ ಟ್ಯೂಷನ್ ಹೇಳಿಸಿಕೊಂಡಿದ್ದರೆ ಸಾಕಿತ್ತು. ಕೋರ್ಟು ಮೆಟ್ಟಿಲು ಹತ್ತೋ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಅಂಕಲ್ ಹೇಗೆ ನಿಭಾಯಿಸುತ್ತಾರೆ ನೋಡಿ. ಗೇಟಿಗೆ ಟು-ಲೆಟ್ ಬೋರ್ಡು ನೇತುಹಾಕಿರುತ್ತೆ. ಫೋನ್ ಬರುತ್ತೆ. ಅತ್ತ ಕಡೆಯವನದು ಅರ್ಧ ಹಿಂದಿ, ಅರ್ಧ ಇಂಗ್ಲಿಷು, ನಡುನಡುವೆ ಆಫೀಸಿನಲ್ಲಿ ಕಲಿತ ನಾಲ್ಕು ಕನ್ನಡ ಮಾತು. ನಾನು ಕನ್ನಡದಲ್ಲೇ ಹೇಳುತ್ತೇನೆ.

"ಸರ್, ಮನೆ ಇನ್ನೂ ಇದೆಯಾ?"

"ಇದೆ, ಇದೆ. ಯಾವ ಕಡೆಯವರಪ್ಪಾ ನೀವು?"

"ವೈಟ್‌ಫೀಲ್ಡ್‌ನಲ್ಲಿ ಕೆಲಸ ಸರ್."

"ಕೆಲಸ ಅಲ್ಲ, ಊರು."

"ಇಂಫಾಲ್."

"ಅಯ್ಯೋ! ಈಗ ತಾನೇ ನಮ್ಮ ಭಾವಮೈದ ಬಂದು ಅಡ್ವಾನ್ಸ್ ಕೊಟ್ಟುಬಿಟ್ಟ ನೋಡಿ."

ಎಲ್ಲಾದರೂ ಒಂದು ಕೆಟ್ಟ ಮಾತು ಬಂತಾ? ಬಣ್ಣ ಬಂತಾ, ಕಣ್ಣಿನ ಆಕಾರ ಬಂತಾ? ಏನೂ ಇಲ್ಲ. ಈ ನಗರದ ಪ್ರತಿಯೊಬ್ಬ ಓನರಿಗೂ ಇಂಥ ಒಬ್ಬ ಭಾವಮೈದ ಇದ್ದಾನೆ. ಇಂಫಾಲ್, ಕೊಹಿಮಾ, ಐಜ್ವಾಲ್ ಅಂತ ಈಶಾನ್ಯದ ಯಾವ ಊರು ಅಂದ ಕೂಡಲೇ ಅಡ್ವಾನ್ಸ್ ಹಿಡಿದು ಓಡಿ ಬರುತ್ತಾನೆ. ನೈಜೀರಿಯಾ ಅಂದರೆ ಇನ್ನೂ ಜೋರಾಗಿ ಓಡುತ್ತಾನೆ. ಹೆಸರು ಇಮ್ತಿಯಾಜ್ ಅಂದರೂ ಅವನಿಗೆ ಅದು ಹೇಗೋ ಕೇಳಿಸುತ್ತೆ. ಮನೆಗೆ ಮಾತ್ರ ಅವನು ಬರಲ್ಲ. ಬೋರ್ಡು ಗೇಟಿನಲ್ಲೇ ನೇತಾಡುತ್ತಿರುತ್ತೆ.

ಅಂಕಲ್‌ನ ಒಂಚೂರು ಕೆದಕಿ ನೋಡಿ. "ನನಗೆ ಆ ಥರ ಭೇದಭಾವ ಏನಿಲ್ಲಪ್ಪಾ. ಸಾಯಂಕಾಲ ಅವರ ಗಾಡೀಲೇ ಮೋಮೋ ತಿಂತೀನಿ. ನಮ್ಮ ಮನೆಯವಳ ಪಾರ್ಲರ್ ಹುಡುಗಿ ಅವರ ಕಡೆಯವಳೇ. ಎಷ್ಟು ನೀಟು ಗೊತ್ತಾ! ಆದರೆ ಮನೇಲಿ ವಯಸ್ಸಾದವರು ಇದ್ದಾರಲ್ಲ..." ಈ ವಯಸ್ಸಾದವರು ಅಂದರೆ ಅಂಕಲ್ ತಾಯಿ. ಮಹಡಿ ಮೇಲೆ ಕೂತು ಜಪ ಮಾಡಿಕೊಂಡಿರೋ ಅಜ್ಜಿ. ಆ ಬೀದಿಯ ಸಕಲ ಪಕ್ಷಪಾತವೂ ಅವರ ಖಾತೆಗೇ ಜಮಾ ಆಗುತ್ತೆ. ಅಜ್ಜಿಯನ್ನು ಮಾತ್ರ ಈ ವಿಷಯದಲ್ಲಿ ಇಲ್ಲಿಯವರೆಗೆ ಯಾರೂ ಒಂದು ಮಾತು ಕೇಳಿಲ್ಲ.

ಕೊನೆಗೆ ಅಂಕಲ್ ಬಾಯಿಂದ ಅಸಲಿ ಕಾರಣ ಬರುತ್ತೆ. ದನಿ ತಗ್ಗಿಸಿ ಹೇಳುತ್ತಾರೆ: "ಅವರ ಅಡುಗೆ ವಾಸನೆ ತಡೆಯಕ್ಕಾಗಲ್ಲಪ್ಪಾ. ಬಿದಿರಿನ ಮೊಳಕೆ ಎಲ್ಲಾ ತಿಂತಾರಂತೆ!"

ಇದನ್ನು ಹೇಳುತ್ತಿರುವ ಅಂಕಲ್ ತೀರ್ಥಹಳ್ಳಿ ಕಡೆಯವರು ಅಂತಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅವರಿಗೆ ಊರಿಂದ ಒಂದು ಡಬ್ಬಿ ಬರುತ್ತೆ. ಅದನ್ನು ತೆಗೆದರೆ ಹುಳಿಹುಳಿಯಾದ ಗಾಢ ವಾಸನೆ ಮೂರು ಮನೆಗೆ ಹೊಡೆಯುತ್ತೆ. ಅದು ಕಳಲೆ. ಹೆಚ್ಚಿ, ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ ಹದ ಮಾಡಿದ ಎಳೆ ಬಿದಿರು. ಮಂಗಳೂರಿನವರಿಗೆ ಕಣಿಲೆ, ಕೊಡಗಿನವರಿಗೆ ಬೈಂಬಳೆ. ಅಂಕಲ್‌ಗೆ ಅದರ ಪಲ್ಯ ಅಂದರೆ ಪ್ರಾಣ. "ನಮ್ಮ ಮಲೆನಾಡಿನ ಸೊಗಡು!" ಅಂತ ಫೇಸ್‌ಬುಕ್ಕಿಗೆ ಫೋಟೊ ಬೇರೆ ಹಾಕುತ್ತಾರೆ. ಅದೇ ಕಳಲೆ ಕೆಳಗಿನ ಮನೆಯ ಕುಕ್ಕರಿನಿಂದ ಕೂಗಿದರೆ ಸೊಗಡು ಹೋಗಿ ನಾತ ಆಗುತ್ತೆ. ಬಿದಿರಿಗೆ ಪಾಪ, ತಾನು ಆಗುಂಬೆಯಲ್ಲಿ ಮೊಳೆತರೆ ಸಂಸ್ಕೃತಿ, ಮಣಿಪುರದಲ್ಲಿ ಮೊಳೆತರೆ ನ್ಯೂಸೆನ್ಸು ಅಂತ ಗೊತ್ತೇ ಇಲ್ಲ.

ಇಂಗಿನ ಅದೃಷ್ಟ ನೋಡಿ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅನ್ನೋ ನಾವು ಆ ಇಂಗನ್ನು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ತರಿಸಿಕೊಳ್ಳುತ್ತಾ ಬಂದವರು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನಮ್ಮ ವಿಜ್ಞಾನಿಗಳು ಇಂಗಿನ ಸಸಿ ನೆಡಿಸಿದ್ದೇ 2020ರಲ್ಲಿ. ಡಬ್ಬಿ ಮುಚ್ಚಳ ತೆಗೆದರೆ ಬೀದಿಗೆಲ್ಲ ಗೊತ್ತಾಗೋ ಆ ಪರದೇಶಿ ವಾಸನೆಯನ್ನು ನಮ್ಮ ಮಡಿ ಅಡುಗೆಮನೆಗಳು ಯಾವ ಅಗ್ರಿಮೆಂಟೂ ಕೇಳದೆ ಒಳಗೆ ಬಿಟ್ಟುಕೊಂಡಿವೆ. ನಾಗಾಲ್ಯಾಂಡಿನ ಅಖುನಿ, ಅಂದರೆ ಹುದುಗು ಬರಿಸಿದ ಸೋಯಾ, ಅದಕ್ಕೆ ಮಾತ್ರ ಪೊಲೀಸ್ ವೆರಿಫಿಕೇಷನ್ ಬೇಕು.

ಪೊಲೀಸ್ ಅಂದದ್ದು ಸುಮ್ನೆ ತಮಾಷೆಗಲ್ಲ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದಿಂದ ಬರೋ ವಿದ್ಯಾರ್ಥಿಗಳಿಗೆ ಸುರಕ್ಷತೆಯ ಸಲಹೆಗಳು ಅಂತ ಒಂದು ಪುಸ್ತಿಕೆ ಹೊರಡಿಸಿದ್ದರು. ಬಟ್ಟೆ ನೋಡಿಕೊಂಡು ಹಾಕಿ ಅನ್ನೋದರ ಜೊತೆಗೆ, ಬಿದಿರು ಮೊಳಕೆ, ಅಖುನಿ ಥರದ ವಾಸನೆಯ ಅಡುಗೆಗಳನ್ನು ನೆರೆಹೊರೆಯಲ್ಲಿ ಗಲಾಟೆ ಆಗದ ಹಾಗೆ ಮಾಡಿಕೊಳ್ಳಿ ಅನ್ನೋ ಉಪದೇಶವೂ ಅದರಲ್ಲಿತ್ತು. ಏಟು ತಿನ್ನುವವನು ಒಗ್ಗರಣೆ ಹಾಕುವಾಗ ಹುಷಾರಾಗಿದ್ದರೆ ಹೊಡೆಯುವವನಿಗೆ ಕೈ ಎತ್ತೋ ಶ್ರಮ ತಪ್ಪುತ್ತೆ, ಅಲ್ವಾ?

ಇಷ್ಟು ಸಲಹೆ ಕೊಟ್ಟರೂ ಸಾಲಲಿಲ್ಲ. 2014ರ ಜನವರಿಯಲ್ಲಿ ಅದೇ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೊ ತಾನಿಯಾ ಅನ್ನೋ ಹುಡುಗನ ಕೂದಲಿನ ಸ್ಟೈಲ್ ನೋಡಿ ಅಂಗಡಿಯವರು ಗೇಲಿ ಮಾಡಿದರು. ಜಗಳ ಆಯಿತು. ಹೊಡೆದರು. ಹುಡುಗ ಸತ್ತ. ಈಶಾನ್ಯದವರ ತೊಂದರೆ ನೋಡೋಕೆ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಸಮಿತಿ ಅದೇ ವರ್ಷ ವರದಿ ಕೊಟ್ಟು, ಜನಾಂಗದ ಹೆಸರಲ್ಲಿ ಹೀಯಾಳಿಸೋದನ್ನೇ ಅಪರಾಧ ಮಾಡೋ ಹೊಸ ಕಲಮು ಸೇರಿಸಿ ಅಂದಿತು. ಅದಾಗಿ ಹತ್ತು ವರ್ಷಕ್ಕೆ ಇಡೀ ದಂಡಸಂಹಿತೆಯನ್ನೇ ತೆಗೆದು ಹೊಸದು ತಂದೆವು, ಹೆಸರು ಸಮೇತ. ಸಮಿತಿ ಕೇಳಿದ ಆ ಕಲಮು ಮಾತ್ರ ಅದರೊಳಗೂ ಬರಲಿಲ್ಲ. ಹಾಗಂತ ಹೊಸ ಸಂಹಿತೆ ಜನಾಂಗವನ್ನು ಮರೆತಿದೆ ಅನ್ನಬೇಡಿ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಊರು, ಭಾಷೆ ಇಂಥ ಕಾರಣಕ್ಕೆ ಕೊಂದರೆ ಅದಕ್ಕೆ ಪ್ರತ್ಯೇಕ ಕಲಮು ಇದೆ. ಹೊಡೆಯೋರು ಮೊದಲು ತಲೆ ಎಣಿಸಿಕೊಳ್ಳಬೇಕು. ನಾಲ್ಕೇ ಜನ ಇದ್ದರೆ ಈ ಕಲಮಿಗೆ ಕೋರಂ ಇಲ್ಲ.

ನಮ್ಮ ಊರಿನದೂ ಸ್ವಲ್ಪ ಹೇಳಬೇಕು. 2012ರ ಆಗಸ್ಟಿನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಮೊಬೈಲುಗಳಲ್ಲಿ ಗಾಳಿಸುದ್ದಿ ಹರಡಿ ಅಲ್ಲಿನ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ರೈಲ್ವೆ ವಿಶೇಷ ಗಾಡಿ ಬಿಡಬೇಕಾಯಿತು. ಆಗ ಊರಿಗೆ ಊರೇ ಮರುಗಿತು. ಹೋಗಬೇಡಿ, ನೀವು ನಮ್ಮವರು ಅಂತ ಅಂಗಲಾಚಿತು. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿ ಇಲ್ಲ, ಹೋಟೆಲಿನಲ್ಲಿ ಸಪ್ಲೈಯರ್ ಇಲ್ಲ, ಪಾರ್ಲರಿಗೆ ಬೀಗ. ಅವರು ಇಲ್ಲದೆ ಬೆಂಗಳೂರು ನಡೆಯಲ್ಲ ಅಂತ ಎಲ್ಲರಿಗೂ ಅರ್ಥವಾಯಿತು. ಆಮೇಲೆ ಅವರು ವಾಪಸ್ ಬಂದರು, ಮನೆ ಹುಡುಕಿದರು. ಭಾವಮೈದನೂ ವಾಪಸ್ ಬಂದ.

2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಸ್ಥಳೀಯ ಮಹಿಳೆ ತೀರಿಕೊಂಡರು. ಸುಮಾರು ಅರ್ಧ ಗಂಟೆ ಬಿಟ್ಟು ಆ ದಾರಿಯಲ್ಲಿ ಬಂದದ್ದು ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ. ಅಪಘಾತಕ್ಕೂ ಆಕೆಗೂ ಸಂಬಂಧವೇ ಇಲ್ಲ. ಗುಂಪು ಆಕೆಯನ್ನು ಎಳೆದು ಹೊಡೆಯಿತು, ಆಕೆ ಬಂದ ಕಾರಿಗೆ ಬೆಂಕಿ ಇಟ್ಟಿತು. ಸುಡಾನಿಗೂ ತಾಂಜಾನಿಯಾಕ್ಕೂ ಗಡಿ ಕೂಡ ತಾಗಲ್ಲ. ಆದರೆ ಗುಂಪಿಗೆ ಭೂಪಟ ಬೇಕಾಗಿರಲಿಲ್ಲ, ಬಣ್ಣ ಸಾಕಾಗಿತ್ತು. ಆಗಿನ ಗೃಹಮಂತ್ರಿ ಪರಮೇಶ್ವರ್ ಅವರು ಇದು ಜನಾಂಗೀಯ ದಾಳಿ ಅಲ್ಲ, ಅಪಘಾತದ ಸಿಟ್ಟಿನಲ್ಲಿ ಆದದ್ದು ಅಂದರು. ಮುಂದಿನ ವರ್ಷ ಅಮೆರಿಕದ ಕಾನ್ಸಾಸ್‌ನಲ್ಲಿ ಒಬ್ಬ ಬಿಳಿಯ, ನಮ್ಮ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕುಚಿಭೋಟ್ಲ ಅವರನ್ನು ಇರಾನಿನವರು ಅಂದುಕೊಂಡು ಗುಂಡು ಹೊಡೆದು ಕೊಂದ. ಅದು ಜನಾಂಗದ್ವೇಷ ಅಂತ ನಮಗೆ ಒಂದು ಕ್ಷಣದಲ್ಲಿ ಗೊತ್ತಾಯಿತು. ಸಮುದ್ರ ದಾಟಿದರೆ ನಮ್ಮ ದೃಷ್ಟಿ ಬಹಳ ಚುರುಕು.

ಇಷ್ಟೆಲ್ಲ ಹೇಳಿದರೂ ಅಂಕಲ್ ಹತ್ತಿರ ಒಂದು ಬ್ರಹ್ಮಾಸ್ತ್ರ ಇರುತ್ತೆ. "ಹೊರಗಿನವರು ಕಣಪ್ಪಾ. ಭಾಷೆ ಬರಲ್ಲ, ಹೊಂದಿಕೊಳ್ಳಲ್ಲ. ಕನ್ನಡದವರಿಗಾದರೆ ಕಣ್ಣುಮುಚ್ಚಿ ಕೊಡ್ತೀನಿ."

ಸರಿ. ಹಾಗಾದರೆ ಯಲ್ಲಾಪುರ ಕಡೆಯ ಒಬ್ಬ ಸಿದ್ದಿ ಹುಡುಗನನ್ನು ಕಳಿಸೋಣ. ಫೋನಿನಲ್ಲಿ ಅವನ ಕನ್ನಡ ಕೇಳಿ ಅಂಕಲ್ ಕರಗಿಹೋದರು. "ನಮ್ಮ ಘಟ್ಟದ ಕಡೆಯವನೇ! ಬಾರಪ್ಪ ಬಾ, ಕಾಫಿ ಕುಡಿಯುವೆಯಂತೆ." ಹುಡುಗ ಬಂದ. ಅಂಕಲ್ ಗೇಟು ತೆಗೆದರು. ಗುಂಗುರು ಕೂದಲು ನೋಡಿದರು. ತಕ್ಷಣ ಇಂಗ್ಲಿಷು ಬಂತು.

"ಯೆಸ್? ವಿಚ್ ಕಂಟ್ರಿ?"

"ಯಲ್ಲಾಪುರ ಸರ್. ಆಗ ಫೋನ್ ಮಾಡಿದ್ದೆನಲ್ಲ."

"ಅದಲ್ಲಪ್ಪಾ. ಪಾಸ್‌ಪೋರ್ಟ್, ವೀಸಾ ಎಲ್ಲ ಇದೆಯಾ?"

"ಆಧಾರ್ ಇದೆ ಸರ್."

"ಕನ್ನಡ ಮಾತ್ರ ಎಷ್ಟು ಚೆನ್ನಾಗಿ ಕಲಿತಿದೀಯ! ಬಂದು ಎಷ್ಟು ವರ್ಷ ಆಯ್ತು?"

"ಒಂದು ನಾಲ್ಕು ನೂರು ವರ್ಷ ಆಗಿರಬಹುದು ಸರ್."

ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಬಂದು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಹೊಂದಿಕೊಳ್ಳೋದು ಅಂದರೆ ಇನ್ನೇನು ಮಾಡಬೇಕಿತ್ತೋ ಗೊತ್ತಿಲ್ಲ.

ಸರ್ಕಾರದ ಕಣ್ಣಿಗೂ ಇವರು ಒಮ್ಮೆ ಬಿದ್ದಿದ್ದರು. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿಕೊಂಡು ಹೋಗಿ ತರಬೇತಿ ಶುರುಮಾಡಿದರು. ಲೆಕ್ಕಾಚಾರ ಸುಲಭ: ಮೂಲ ಆಫ್ರಿಕಾ, ಅಂದ ಮೇಲೆ ಓಡುತ್ತಾರೆ, ಓಡಿದರೆ ಒಲಿಂಪಿಕ್ ಪದಕ. ಹುಡುಗ ಹುಡುಗಿಯರು ಚೆನ್ನಾಗಿಯೇ ಓಡಿದರು. 1993ರ ಹೊತ್ತಿಗೆ ಯೋಜನೆಯೇ ಸುಸ್ತಾಗಿ ಕೂತಿತು. ಮಕ್ಕಳು ಊರಿನ ದಾರಿ ಹಿಡಿದರು. ಅವರಿಗೆ ಪರಿಶಿಷ್ಟ ಪಂಗಡ ಅನ್ನೋ ಕಾಗದ ಸಿಕ್ಕಿದ್ದು 2003ರಲ್ಲಿ. ಅಂದರೆ ಕಾಲಿನ ವೇಗ ಅಳೆಯೋಕೆ ಸ್ಟಾಪ್‌ವಾಚ್ ಬಂದು 16 ವರ್ಷ ಆದ ಮೇಲೆ. ಆ ಸಮುದಾಯದ ಒಬ್ಬರು, ಶಾಂತಾರಾಮ ಸಿದ್ದಿ, ಮೊದಲ ಸಲ ವಿಧಾನ ಪರಿಷತ್ತಿನ ಒಳಗೆ ಕಾಲಿಟ್ಟದ್ದು 2020ರಲ್ಲಿ, ಅದೂ ನಾಮನಿರ್ದೇಶನದಿಂದ. ಅದೇ ತಿಂಗಳು ನಮ್ಮ ದೇಶದ ಹೆಸರಾಂತ ಬಿಳುಪಿನ ಕ್ರೀಮು ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಎರಡೂ ಸೇರಿ ವರ್ಣಭೇದ ಬಹುತೇಕ ಮುಗಿದ ಹಾಗೆ.

ಸಿದ್ದಿ ಹುಡುಗನಿಗೂ ಮನೆ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ? ಅವನೂ ಇಂಫಾಲಿನವನೂ ಸೇರಿ ಕಾನೂನು ಕೇಳೋಕೆ ಒಬ್ಬ ವಕೀಲರ ಹತ್ತಿರ ಹೋದರು ಅಂತಿಟ್ಟುಕೊಳ್ಳಿ. ವಕೀಲರು ಸಂವಿಧಾನದ 15ನೇ ವಿಧಿ ತೆಗೆದು ಓದಿದರು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಅಂಗಡಿಗೆ, ಹೋಟೆಲಿಗೆ, ಸಾರ್ವಜನಿಕರ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗೆ ಯಾರನ್ನೂ ಬರಬೇಡಿ ಅನ್ನೋ ಹಾಗಿಲ್ಲ. ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. 2005ರಲ್ಲಿ ಸುಪ್ರೀಂ ಕೋರ್ಟು, ಒಂದು ಹೌಸಿಂಗ್ ಸೊಸೈಟಿ ಒಂದೇ ಸಮುದಾಯದವರನ್ನು ಸದಸ್ಯರಾಗಿ ಸೇರಿಸಿಕೊಳ್ಳೋ ಬೈಲಾ ಇಟ್ಟುಕೊಂಡರೆ ತಪ್ಪಲ್ಲ ಅಂತಲೂ ಹೇಳಿದೆ.

"ಹಾಗಾದರೆ ನಮಗೆ ಏನು ಸಿಗುತ್ತೆ ಸರ್?"

"ಕೆರೆ ಸಿಗುತ್ತೆ. ಅದನ್ನು ಯಾರೂ ತಡೆಯೋ ಹಾಗಿಲ್ಲ."

ಬೆಂಗಳೂರಿನಲ್ಲಿ ಉಳಿದಿರೋ ಕೆರೆಗಳಲ್ಲಿ ಭಾರೀ ದೊಡ್ಡದು ಬೆಳ್ಳಂದೂರಿನದು. ಊರ ಕೊಳಚೆಯೆಲ್ಲ ಹರಿದು, ನೊರೆ ಎದ್ದು, ನೀರಿಗೇ ಬೆಂಕಿ ಹೊತ್ತಿಕೊಂಡು ಪ್ರಪಂಚದಲ್ಲೆಲ್ಲ ಹೆಸರು ಮಾಡಿದ ಕೆರೆ. ಅದರ ನಾತಕ್ಕೆ ಸುತ್ತಲ ಓನರುಗಳು ಯಾರೂ ತಕರಾರು ತೆಗೆದು ಮನೆಗೆ ಬೀಗ ಹಾಕಿಲ್ಲ. ಲೇಕ್ ವ್ಯೂ ಅಂತ ಬಾಡಿಗೆ ಜಾಸ್ತಿ ಮಾಡಿದ್ದಾರೆ.