2ಎಚ್‌ನಲ್ಲಿ ಓಡಿಸಿದರೆ ಮುಂದಿನ ಶಾಫ್ಟ್ ಸವೆಯುವುದಿಲ್ಲವೇ? ಸ್ಪಷ್ಟನೆ

ಲಿಫ್ಟ್ ಮಾಡಿಸಿದ (ಸಸ್ಪೆನ್ಶನ್ ಎತ್ತರಿಸಿದ) ಜೀಪ್ ರಾಂಗ್ಲರ್ ಜೆಕೆಯನ್ನು 2ಎಚ್‌ನಲ್ಲೇ (ಹಿಂದಿನ ಎರಡು ಚಕ್ರಗಳಿಗಷ್ಟೇ ಎಂಜಿನ್ ಬಲ ಹೋಗುವ ಸ್ಥಿತಿ) ಓಡಿಸಿದರೆ ಮುಂದಿನ ಡ್ರೈವ್‌ಶಾಫ್ಟ್ (ಮುಂದಿನ ಆಕ್ಸಲ್‌ಗೆ ಬಲ ಸಾಗಿಸುವ ದಂಡ) ತಿರುಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಜೆಕೆಯಲ್ಲಿ (2007–2018) ಲಾಕಿಂಗ್ ಹಬ್ (ಚಕ್ರವನ್ನು ಆಕ್ಸಲ್‌ನಿಂದ ಬಿಡಿಸಬಲ್ಲ ಭಾಗ) ಇಲ್ಲ, ಮುಂದಿನ ಆಕ್ಸಲ್ ಬಿಡಿಸುವ ವ್ಯವಸ್ಥೆಯೂ ಇಲ್ಲ. ಚಕ್ರ ಉರುಳುವಷ್ಟು ಹೊತ್ತೂ ಶಾಫ್ಟ್ ಸುತ್ತುತ್ತಲೇ ಇರುತ್ತದೆ.

ಸುಮಾರು 2.5 ಇಂಚು ದಾಟಿ ಎತ್ತರಿಸಿದರೆ ಶಾಫ್ಟ್‌ನ ಕೋನ ಹೆಚ್ಚಾಗಿ, ಅದರ ಸಿವಿ ಜಾಯಿಂಟಿನ (ಒಳಗೆ ಬಾಲ್‌ಗಳಿರುವ, ಬಾಗಿಯೂ ತಿರುಗಬಲ್ಲ ಕೀಲಿನ) ರಬ್ಬರ್ ಬೂಟ್ (ಹೊದಿಕೆ) ಉಜ್ಜಿ ಹರಿಯುತ್ತದೆ. ಗ್ರೀಸ್ ಹೊರಗೆ ಸಿಡಿದು, ಒಣಗಿದ ಬಾಲ್‌ಗಳು ಕಟಕಟ ಎನ್ನತೊಡಗುತ್ತವೆ. ಆ ಸದ್ದು ಬಂದ ಮೇಲೆ ಬರೀ ಬೂಟ್ ಬದಲಿಸುವುದು ದುಡ್ಡು ದಂಡ. ಡಬಲ್ ಕಾರ್ಡನ್ (ಎರಡು ಅಡ್ಡಕೀಲು ಜೋಡಿಸಿದ) ಶಾಫ್ಟ್ ಹಾಕಿಸಿ. ಅದರ ನಡುವಿನ ಬಾಲ್‌ಗೆ ಗ್ರೀಸ್ ಹೊಡೆಯಲು ಜಾಗವಿದ್ದರೆ ಸೂಜಿಮೂತಿ ನಳಿಕೆ ಬೇಕು, ಮರೆಯುವವರೇ ಹೆಚ್ಚು. ಹೊಸ ಶಾಫ್ಟ್ ಹಾಕಿಸುವವರೆಗೆ ಎರಡೂ ತುದಿಯ ಬೋಲ್ಟ್ ಬಿಚ್ಚಿ, ಹಳೆಯ ಶಾಫ್ಟ್ ತೆಗೆದಿಟ್ಟು 2ಎಚ್‌ನಲ್ಲಿ ಓಡಿಸಬಹುದು.