ಸತ್ಯಾಂಶ: ಬ್ರಿಟನ್ನಿನಲ್ಲಿ ವರ್ಗಭೇದ ಅಳಿದಿದೆಯೇ?

'ಕಿರಾಣಿ ಅಂಗಡಿಯವರ ಮಗಳು ಥ್ಯಾಚರ್ ಪ್ರಧಾನಿಯಾದರು. ಬ್ರಿಟನ್ನಿನಲ್ಲಿ ಯಾರೂ ಹುಟ್ಟು ಕೇಳುವುದಿಲ್ಲ' ಎಂಬ ವಾಟ್ಸಾಪ್ ಸಂದೇಶದ ಮೊದಲರ್ಧ ನಿಜ, ತೀರ್ಮಾನ ತಪ್ಪು. ಈಟನ್ ಎಂಬ ಒಂದೇ ದುಬಾರಿ ಶಾಲೆಯಲ್ಲಿ ಓದಿದ 20 ಮಂದಿ ಪ್ರಧಾನಿಗಳಾಗಿದ್ದಾರೆ. ಖಾಸಗಿ ಶಾಲೆಗೆ ಹೋಗುವ ಮಕ್ಕಳು ಸುಮಾರು ಶೇ. 7, ಹಿರಿಯ ನ್ಯಾಯಾಧೀಶರಲ್ಲಿ ಅಂಥ ಶಾಲೆಯವರು 2019ರಲ್ಲಿ ಶೇ. 65. ಮಾತಿನ ಧಾಟಿ ಕೇಳಿಯೇ ಮನುಷ್ಯರನ್ನು ಅಳೆಯುವವರು ಅಲ್ಲಿ ಈಗಲೂ ಇದ್ದಾರೆ. 2010ರ ಸಮಾನತೆ ಕಾಯ್ದೆ ಜನಾಂಗ, ಲಿಂಗ, ಧರ್ಮ ಸೇರಿ 9 ಆಧಾರಗಳಿಗೆ ರಕ್ಷಣೆ ಕೊಡುತ್ತದೆ, ವರ್ಗ ಅದರಲ್ಲಿಲ್ಲ.

ಹಾಗೆಂದು ತಿರಸ್ಕಾರ ಮೇಲಿನವರದಷ್ಟೇ ಅಲ್ಲ. 2008ರಲ್ಲಿ ಇಂಗ್ಲೆಂಡಿನ ಕ್ರೂ ಕ್ಷೇತ್ರದ ಉಪಚುನಾವಣೆಯಲ್ಲಿ ಕಾರ್ಮಿಕರ ಪಕ್ಷವೆನಿಸಿದ ಲೇಬರ್ ಪಕ್ಷದ ಕಾರ್ಯಕರ್ತರು ಸಾಹುಕಾರರ ಉದ್ದ ಟೋಪಿ ತೊಟ್ಟು ಸಿರಿವಂತ ಮನೆತನದ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯನ್ನು ಅಣಕಿಸಿದರು. ಹುಟ್ಟಿದ ಮನೆಯನ್ನೇ ಅಪರಾಧವಾಗಿಸಿದ ಆ ಪ್ರಚಾರವೂ ಅನ್ಯಾಯವೇ. ಲೇಬರ್ ಆ ಕ್ಷೇತ್ರ ಕಳೆದುಕೊಂಡಿತು.